ಯೇಸುವಿನ ಸಾವಿಗೆ ತಮಟೆ

ನಮ್ಮ ಬ್ಯಾಂಡಿಗೆ ನಾವು ಹೆಸರಿಟ್ಟಿರಲಿಲ್ಲ. ಊರವರು ನಗಾಡಿಕೊಂಡು ‘ಗಿಟಾರ್ ಕಿರಸ್ತಾನರು’ ಅನ್ನುತ್ತಿದ್ದರು, ನಾವು ಅದನ್ನೇ ಇಟ್ಟುಕೊಂಡೆವು. ಹಾಡು ಕಟ್ಟಿ ಹಾಡುವವಳು ನಾನು, ಮಲ್ಲಿಗಮ್ಮ. ಗಿಟಾರು ನನ್ನ ಸೋದರಮಾವನ ಮಗ ಚಿಕ್ಕಣ್ಣನದು. ಮಿಕ್ಕವರದು ಕಂಜರ, ಚಪ್ಪಾಳೆ, ಗಂಟಲು. ಚಿಕ್ಕಣ್ಣ ಮಂಡ್ಯದ ಗುತ್ತಲಿನಲ್ಲಿ ಕೋಣೆ ಹಿಡಿದು ಕಾರ್ಖಾನೆಗೆ ಹೋಗುತ್ತಿದ್ದ. ಶನಿವಾರದ ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆತಗೂರಿನ ಕಡೆಯ ನಮ್ಮ ಹಳ್ಳಿಗೆ ಬರುತ್ತಿದ್ದ. ಇಗರ್ಜಿಯಲ್ಲಿ ಲ್ಯಾಟಿನ್ ಹೋಗಿ ಕನ್ನಡ ಬಂದು ಕೆಲವು ವರ್ಷವಾಗಿತ್ತು. ನಿಮ್ಮ ಹಾಡು ನೀವೇ ಕಟ್ಟಿ ಎಂದು ನಮ್ಮನ್ನು ಹುರಿದುಂಬಿಸಿದವರು ಪಾದ್ರಿಗಳೇ.

ಆ ಪಾದ್ರಿಗಳೇ ಎಪ್ಪತ್ತಾರನೇ ಇಸವಿಯ ಶುಭ ಶುಕ್ರವಾರಕ್ಕೆ ಸುಮ್ಮನಿರಿ ಅಂದುಬಿಟ್ಟರು. ಯೇಸು ಸತ್ತ ದಿನ ಗಂಟೆ ಬಾರಿಸುವಂತಿಲ್ಲ, ವಾದ್ಯ ಮುಟ್ಟುವಂತಿಲ್ಲ, ಅದು ಧರ್ಮಸಭೆಯ ಕಟ್ಟಳೆಯಂತೆ. ಆರಾಧನೆ ಮುಗಿದ ಮೇಲೆ ಯೇಸುವಿನ ಮರದ ಪ್ರತಿಮೆಯನ್ನು ಚಟ್ಟದ ಮೇಲೆ ಮಲಗಿಸಿ ಊರು ಸುತ್ತಿಸುತ್ತೇವಲ್ಲ, ಆಗಲೂ ಬರೀ ಮೌನ.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಕೇರಿಯಲ್ಲಿ ಸತ್ತವರನ್ನು ತಮಟೆ ಬಡಿದು ಕಳಿಸುವುದು ಪದ್ಧತಿ. ಸದ್ದಿಲ್ಲದೆ ಹೋಗುವುದು ಮುತ್ತತ್ತಿಯ ಹೊಳೆಯಲ್ಲಿ ತೇಲಿಬಂದ, ಊರು ಕೇರಿ ಗೊತ್ತಿಲ್ಲದ ಹೆಣ ಮಾತ್ರ. ಕಿರಸ್ತಾನರಾದ ಮೇಲೆ ನಮ್ಮ ಮನೆಗಳು ತಮಟೆ ಬಿಟ್ಟವು. ನನ್ನ ಅವ್ವನನ್ನೂ ಹಾಗೇ ಸಪ್ಪಗೆ ಕಳಿಸಿದೆವು. ಅದು ನನಗೆ ಇವತ್ತಿಗೂ ನೋವೇ. ಇನ್ನು ಯೇಸುವನ್ನು ಕೊಂದದ್ದು ಊರಾಚೆ. ನಮ್ಮ ಕೇರಿ ಇರುವುದೂ ಊರಾಚೆ. ಅವನು ನಮ್ಮವನೆಂದು ನಾನು ನಂಬಿರುವುದು ಅದಕ್ಕೇ, ಪಾದ್ರಿಗಳು ಹೇಳಿಕೊಟ್ಟರೆಂದಲ್ಲ. ನಮ್ಮವನು ದಿಕ್ಕಿಲ್ಲದವನ ಹಾಗೆ ಹೋಗಬೇಕೇ?

ತಮಟೆ ಬಡಿದೇ ಕಳಿಸೋಣ ಅಂದೆ. ಅದಕ್ಕೆ ಪಾದ್ರಿಗಳಿಗಿಂತ ಹೆಚ್ಚು ಸಿಟ್ಟಾದವನು ನನ್ನ ಅಪ್ಪ ಹೊನ್ನಯ್ಯ. ಮೊದಲು ಗೌಡರ ಮನೆಯಲ್ಲಿ ಯಾರು ಸತ್ತರೂ ಅಪ್ಪ ಓಡಬೇಕಿತ್ತು. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಬಾಣಂತಿ ಇರಲಿ, ಹೆಣ ಸುಡುವ ತನಕ ಬಡಿಯಬೇಕಿತ್ತು. ದೀಕ್ಷಾಸ್ನಾನ ಪಡೆದ ದಿನ ಅಪ್ಪ ತಮಟೆಯನ್ನು ಗೌಡರ ಜಗಲಿಯ ಮೇಲಿಟ್ಟು, ಹಿಂದೆ ತಿರುಗಿ ನೋಡದೆ ಬಂದ. ಅದಕ್ಕೆ ನಾವು ಉಳುತ್ತಿದ್ದ ಗೌಡರ ಹೊಲ ಹೋಯಿತು. ಹೋದರೂ ಅಪ್ಪ ಬಗ್ಗಲಿಲ್ಲ. ಈಗ ಮಗಳೇ ತಮಟೆ ಬೇಕು ಎಂದು ಕೂತರೆ ಅವನಿಗೆ ಹೇಗಾಗಬೇಡ.

“ನೀ ಅದ ಮುಟ್ಟುದ್ರೆ ನಾಳಿಕೆ ಗೌಡ್ರ ಮನೆಯಿಂದ ಕರೆ ಬತ್ತದೆ ಕಣವ್ವ,” ಅಂದ. “ಆವಾಗ ಏನಂತೀಯೆ?”

ಆದರೂ ನಾನು ಹಿಡಿದ ಹಟ ಬಿಡಲಿಲ್ಲ.

ಚಿಕ್ಕಣ್ಣ ಗಿಟಾರನ್ನು ಮನೆಯಲ್ಲೇ ಬಿಟ್ಟು, ಕೇರಿಯಲ್ಲಿ ಇನ್ನೂ ಕಿರಸ್ತಾನನಾಗದ ನಿಂಗಯ್ಯನಿಂದ ತಮಟೆ ಕೇಳಿ ತಂದ. ಶುಕ್ರವಾರ ಮಧ್ಯಾಹ್ನ ಆರಾಧನೆ ಮುಗಿಯುತ್ತಲೇ ಇಗರ್ಜಿಯ ಮುಂದೆ ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸತೊಡಗಿದೆವು. ಕಾಯಿಸದಿದ್ದರೆ ತಮಟೆಗೆ ಬಿಗಿ ಬರುವುದಿಲ್ಲ. ಹೊಗೆ ನೋಡಿ ಪಾದ್ರಿಗಳು ನಿಲುವಂಗಿ ಎತ್ತಿ ಹಿಡಿದುಕೊಂಡೇ ಓಡಿಬಂದರು, ಬೆಂಕಿ ಆರಿಸಿ ಎಂದರು.

“ಫಾದರ್, ತಮಟೆ ಇಲ್ದೆ ಓಗೋದು ದಿಕ್ಕಿಲ್ದೋರ ಎಣ,” ಅಂದೆ. “ಸ್ವಾಮಿಗೆ ನಾವಿಲ್ವಾ?”

ಅದಕ್ಕೆ ಅವರು, ಇವತ್ತು ಬಡಿದರೆ ಈಸ್ಟರ್ ಹಬ್ಬಕ್ಕೆ ಇಗರ್ಜಿಯೊಳಗೆ ನಿಮ್ಮ ಹಾಡಿಲ್ಲ ಅಂದರು. ಈಸ್ಟರಿಗೆಂದು ನಾವು ತಿಂಗಳಿಂದ ಹಾಡು ಕೂಡಿಸಿದ್ದೆವು. ಆಗಲಿ ಅಂದೆ.

ನಾಲ್ವರು ಚಟ್ಟ ಎತ್ತಿದರು. ಮುಂದಿನ ಬಲಗಡೆಯ ಹೆಗಲು ಅಪ್ಪನದು. ನನ್ನತ್ತ ನೋಡಲೂ ಇಲ್ಲ. ಚಿಕ್ಕಣ್ಣ ಬಡಿಯತೊಡಗಿದ, ನಾನು ಹಾಡತೊಡಗಿದೆ. ನಮ್ಮ ಹೆಂಗಸರು ಸತ್ತವರನ್ನು ಹೆಸರು ಹಿಡಿದು ಕರೆದು ಅಳುತ್ತಾರಲ್ಲ, ಆ ಧಾಟಿಯಲ್ಲೇ ಯೇಸುವನ್ನು ಕರೆದೆ. ಅವ್ವ ಸತ್ತಾಗ ಒಳಗೇ ನುಂಗಿಕೊಂಡದ್ದೆಲ್ಲ ಅವತ್ತು ಹೊರಗೆ ಬಂತು. ಹಿಂದಿದ್ದ ಹೆಂಗಸರೂ ದನಿ ಕೂಡಿಸಿದರು.

ಗೌಡರ ಬೀದಿಗೆ ಬರುತ್ತಲೇ ಬಾಗಿಲು ತೆರೆದವು. ಗೌಡರು ಜಗಲಿಯಿಂದ ಇಳಿದು ಬಂದರು. ಸಿಟ್ಟಿನಿಂದಲ್ಲ, ನಗುತ್ತ. ಚಿಕ್ಕಣ್ಣನ ಕೈ ತಾನಾಗಿ ನಿಂತಿತು.

“ಏನ್ಲಾ ಹೊನ್ನ, ತಮಟೆ ಮತ್ತೆ ಕೈಗೆ ಬಂತಲ್ಲ,” ಅಂದರು. “ಒಳ್ಳೇದಾಯ್ತು ಬುಡು. ನಮ್ಮವ್ವ ಇವತ್ತೋ ನಾಳೆಯೋ ಅನ್ನಂಗವ್ಳೆ. ಏಳಿ ಕಳುಸ್ತೀನಿ, ಬಂದ್ಬುಡಿ.”

ಅಪ್ಪ ಚಟ್ಟದ ಕೆಳಗಿನಿಂದ ಕತ್ತು ತಿರುಗಿಸಿ ನನ್ನನ್ನು ನೋಡಿದ. ಅವನು ಹೊಲ ಬಿಟ್ಟು ಗಳಿಸಿದ್ದನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಕಳೆಯುತ್ತಿದ್ದೆ. ಇಡೀ ಬೀದಿ ಕಾಯುತ್ತಿತ್ತು. ಆಗ ಸಿಟ್ಟು ಬಂತು, ಸಿಟ್ಟಿನ ಜೊತೆಗೇ ಮಾತೂ ಬಂತು.

“ಬತ್ತೀವಿ ಗೌಡ್ರೆ,” ಅಂದೆ. “ನಮ್ ಸಾವಿಗೆ ಎಗಲು ಕೊಟ್ಟೋರ ಸಾವಿಗೆ ನಾವು ಬಡಿತೀವಿ. ಇವತ್ತು ಸತ್ತಿರೋನು ನಮ್ಮನೆಯೋನು. ಬನ್ನಿ, ಎಗಲು ಕೊಡಿ.”

ಗೌಡರ ನಗು ನಿಂತಿತು. ನಮ್ಮ ಹೆಗಲಿಗೆ ಹೆಗಲು ತಾಗಿಸಿ ನಡೆಯುವುದೆಂದರೆ ಏನೆಂದು ಬೀದಿಗೆಲ್ಲ ಗೊತ್ತಿತ್ತು.

ಅಷ್ಟರಲ್ಲಿ ಅಪ್ಪ ಚಟ್ಟದ ಬೊಂಬನ್ನು ಹೆಗಲಿಂದ ಮೆಲ್ಲಗೆ ಕೆಳಗಿಳಿಸಿ, ಎರಡು ಕೈಯಲ್ಲಿ ಹಿಡಿದುಕೊಂಡು, ಪಕ್ಕಕ್ಕೆ ಸರಿದು ಜಾಗ ಮಾಡಿದ. ಚಟ್ಟ ಅತ್ತ ವಾಲಿತು.

“ಬನ್ನಿ ಗೌಡ್ರೆ,” ಅಂದ. “ಜಾಗ ಅದೆ.”

ಗೌಡರು ಪ್ರತಿಮೆಯನ್ನು ನೋಡಿದರು, ಖಾಲಿ ಜಾಗ ನೋಡಿದರು. ಅಪ್ಪ ಬೊಂಬು ಬಿಡಲಿಲ್ಲ, ಗೌಡರ ಮುಖದಿಂದ ಕಣ್ಣೂ ತೆಗೆಯಲಿಲ್ಲ. ಗೌಡರೇ ತಿರುಗಿ ಜಗಲಿ ಹತ್ತಿ ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಅಪ್ಪ ಮತ್ತೆ ಹೆಗಲು ಕೊಟ್ಟ.

“ಬಡೀಲಾ ಚಿಕ್ಕಣ್ಣ,” ಅಂದ. “ಸತ್ತಿರೋನು ನಮ್ಮೋನು ಕಣ್ಲಾ, ಗಟ್ಟಿಯಾಗಿ ಬಡಿ.”