ಗೋದಾವರಿಯ ಕುಪ್ಪಸ

ನಾನು ಒಂದು ಹೊಲಿಗೆ ಯಂತ್ರ. ಕಾಲಿನಿಂದ ತುಳಿಯುವ ಹಳೆಯ ಕಾಲದ್ದು. ಪಂಜಾಬಿನ ಕಾರ್ಖಾನೆಯೊಂದರಲ್ಲಿ ಎರಕ ಹೊಯ್ದು, ಕಪ್ಪು ಬಣ್ಣ ಬಳಿದು, ರೈಲಿಗೆ ಹಾಕಿದರು. ಗದಗಿನಲ್ಲಿ ನನ್ನನ್ನು ಇಳಿಸಿಕೊಂಡವರು ತುಕಾರಾಮಪ್ಪ ಎಂಬ ಸಿಂಪಿಗರು. ಕುಂಕುಮ ಹಚ್ಚಿ ಅವರು ಹಾಕಿದ ಮೊದಲ ಹೊಲಿಗೆ ಮಗ ಏಕನಾಥನ ಚಡ್ಡಿಗೆ.

ಏಕನಾಥ ಅಪ್ಪನಿಗಿಂತ ಒಳ್ಳೆಯ ಕೈಯ ದರ್ಜಿಯಾದ. ಕುಪ್ಪಸ ಹೊಲಿಯುವುದರಲ್ಲಿ ಓಣಿಗೆಲ್ಲ ಅವನದೇ ಹೆಸರು. ಹೆಂಡತಿ ಗೋದಾವರಿಯ ಅಳತೆಯನ್ನು ಮಾತ್ರ ಎಲ್ಲಿಯೂ ಬರೆದಿಡಲಿಲ್ಲ. "ನಿನ್ನ ಅಳತಿ ನನಗ ಬಾಯಿಪಾಠ ಐತಿ" ಎನ್ನುತ್ತಿದ್ದ.

ಕುಡಿತ ಯಾವಾಗ ಅಂಟಿತೋ ಸರಿಯಾಗಿ ಹೇಳಲಾರೆ. ಮೊದಲು ಸಂಜೆಯ ಹೊಲಿಗೆ ನಿಂತಿತು, ಆಮೇಲೆ ಮಧ್ಯಾಹ್ನದ್ದು. ಗಿರಾಕಿಗಳು ಬಟ್ಟೆ ವಾಪಸು ಒಯ್ದರು. ಕೊನೆಗೆ ಅವನ ಸ್ಟೂಲಿನ ಮೇಲೆ ಗೋದಾವರಿ ಕೂತಳು. ಸೀರೆಗೆ ಫಾಲ್ ಹಚ್ಚಿ, ಲಂಗ ಹೊಲಿದು ಮಗಳನ್ನು ಓದಿಸಿದಳು. ನಾನು ಮನುಷ್ಯರನ್ನು ಬಲ್ಲದ್ದು ಅವರ ಪಾದದಿಂದ. ಅವಳ ಪಾದ ವರ್ಷದಿಂದ ವರ್ಷಕ್ಕೆ ಹಗುರಾಗುತ್ತಿತ್ತು. ಅದೇ ಕೋಣೆಯಲ್ಲಿ ಗೋಡೆಗೊರಗಿ ಕೂತಿರುತ್ತಿದ್ದ ಏಕನಾಥನಿಗೆ ಅದು ಕಾಣಲಿಲ್ಲ. ಹೇಳೋಣವೆಂದರೆ ನನಗೆ ಬಾಯಿಲ್ಲ.

ಹೀಗೆ ಹದಿನಾರು ವರ್ಷ ಕಳೆದ ಮೇಲೆ ಒಂದು ದಿನ ಅವನು ರಕ್ತ ಕಾರಿ ಆಸ್ಪತ್ರೆ ಸೇರಿದ. ಅಲ್ಲಿಂದ ಧಾರವಾಡದ ಒಂದು ಮನೆಗೆ ಕಳಿಸಿದರು. ಕುಡಿತ ಬಿಟ್ಟವರು ಜೊತೆಗಿದ್ದು, ಅಡುಗೆ ಕಸಮುಸುರೆ ಹಂಚಿಕೊಂಡು, ದುಡಿದು ಬದುಕುವುದನ್ನು ಮತ್ತೆ ರೂಢಿಸಿಕೊಳ್ಳುವ ಮನೆ. ಇದ್ದವರು ಎಂಟು ಜನ ಗಂಡಸರು. ನೋಡಿಕೊಳ್ಳುತ್ತಿದ್ದ ಗುರುಪಾದಪ್ಪ ಮಾಸ್ತರರೂ ಒಂದು ಕಾಲಕ್ಕೆ ಕುಡಿದವರೇ. ಅಷ್ಟರಲ್ಲಿ ಕೆಲಸಕ್ಕೆ ಸೇರಿದ್ದ ಮಗಳು ತಾಯಿಗೆ ಮೋಟಾರಿನ ಹೊಸ ಯಂತ್ರ ಕೊಡಿಸಿದಳು. ಗೋದಾವರಿ ನನ್ನನ್ನು ಟೆಂಪೋಕ್ಕೆ ಹೇರಿಸಿ ಧಾರವಾಡಕ್ಕೆ ಕಳಿಸಿದಳು.

ಮೊದಮೊದಲು ಏಕನಾಥನ ಕೈ ಸೂಜಿಗೆ ದಾರ ಪೋಣಿಸಲಾರದಷ್ಟು ನಡುಗುತ್ತಿತ್ತು. ದಿಂಬಿನ ಚೀಲ ಹೊಲಿದ, ಜೊತೆಯವರ ಅಂಗಿಗೆ ಗುಂಡಿ ಹಚ್ಚಿದ. ಏಳನೆಯ ತಿಂಗಳಲ್ಲಿ ಗೋದಾವರಿ ನೋಡಲು ಬರುತ್ತೇನೆಂದು ಹೇಳಿ ಕಳಿಸಿದಳು. ಏಕನಾಥ ಹಸಿರು ಖಣ ತಂದು, ಬಾಯಿಪಾಠವಿದ್ದ ಅಳತೆಯಲ್ಲೇ ಕತ್ತರಿಸಿದ. ಆರು ದಿನ ನನ್ನ ಮುಂದಿನಿಂದ ಏಳಲಿಲ್ಲ. ಅಷ್ಟು ನೆಟ್ಟಗಿನ ಹೊಲಿಗೆ ನಾವಿಬ್ಬರೂ ಎಷ್ಟೋ ವರ್ಷದಿಂದ ಹಾಕಿರಲಿಲ್ಲ.

ಭಾನುವಾರ ಗೋದಾವರಿ ಬಂದಳು. ಒಳಕೋಣೆಗೆ ಹೋಗಿ ಕುಪ್ಪಸ ತೊಟ್ಟು ಹೊರಗೆ ಬಂದು ನಿಂತಳು. ಭುಜ ಜಾರುತ್ತಿತ್ತು. ತೋಳಿನೊಳಗೆ ಇನ್ನೊಂದು ತೋಳು ಹಿಡಿಸುವಷ್ಟು ಜಾಗ.

"ಅಳತಿ ತಪ್ಪೇತೇನು?" ಎಂದ ಏಕನಾಥ.

"ನಿಮ್ಮ ಅಳತಿ ತಪ್ಪಿಲ್ರಿ" ಎಂದಳು. "ಇದು ಆಗಿನ ಗೋದಾವರಿದು."

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಕತ್ತಿನ ಎಲುಬು, ಬತ್ತಿದ ತೋಳು, ಎಲ್ಲ ಆವತ್ತೇ ಮೊದಲು ಕಂಡವನ ಹಾಗೆ. ಆಮೇಲೆ ಟೇಪು ತೆಗೆದುಕೊಂಡ. ಅವಳು ಕೈ ಎತ್ತಿ ನಿಂತಳು. ಅವನ ಕಣ್ಣೀರು ಅವಳ ಮುಂಗೈ ಮೇಲೆ ಬಿತ್ತು.

"ಅಳಬ್ಯಾಡ್ರಿ. ಟೇಪು ಅಲುಗ್ಯಾಡತೈತಿ."

ಹೊಲಿಗೆ ಬಿಚ್ಚಿ, ಒಳಗೆ ಹಿಡಿದು, ಮತ್ತೆ ಹೊಲಿದು ಕೊಟ್ಟ. ಅವಳು ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ಮಾಸ್ತರರಿಗೆ ಹೇಳಿದಳು: "ಇವರನ್ನ ಚಂದಾಗಿ ನೋಡ್ಕೋರಿ. ಮನಿಗೆ ಮಾತ್ರ ಕರಕೊಂಡು ಹೋಗೂದಿಲ್ಲ. ನನಗ ಈಗಷ್ಟ ನಿದ್ದಿ ಬರಾಕ ಹತ್ತೈತಿ."

ಒಂದೂವರೆ ವರ್ಷವಿದ್ದು ಏಕನಾಥ ಧಾರವಾಡದ ಈ ಮನೆ ಬಿಟ್ಟ. ಈಗ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸ, ಅಲ್ಲೇ ಹತ್ತಿರ ಒಂದು ಕೋಣೆ. "ಮುಂದ ಬರೋರಿಗೆ ಇರಲಿ" ಎಂದು ನನ್ನನ್ನು ಇಲ್ಲೇ ಬಿಟ್ಟು ಹೋದ. ನನಗೂ ವಯಸ್ಸಾಯಿತು. ಬೆಲ್ಟು ಸಡಿಲಾಗಿದೆ, ಪಡಸಾಲೆಯ ಮೂಲೆಯಲ್ಲಿರುತ್ತೇನೆ. ಹೊಸಬರು ನನ್ನ ಮೇಲೆ ಟವೆಲ್ಲು ಒಣಹಾಕುತ್ತಾರೆ. ಗೋದಾವರಿ ತುಳಿಯುತ್ತಿದ್ದ ಆ ವರ್ಷಗಳಲ್ಲಿ, ದಾರ ಕಡಿದೋ ಸೂಜಿ ಮುರಿದೋ ಒಂದು ದಿನವಾದರೂ ಏಕನಾಥ ತಲೆಯೆತ್ತಿ ಅವಳತ್ತ ನೋಡುವಂತೆ ಮಾಡಬಹುದಿತ್ತು ಎಂದು ನನಗೆ ಅನ್ನಿಸುತ್ತಿರುತ್ತದೆ. ಯಂತ್ರದ ಪಶ್ಚಾತ್ತಾಪದಿಂದ ಯಾರಿಗೇನು!

ಮೊನ್ನೆ ನಾಗರಪಂಚಮಿ ಮುಗಿಸಿ ಏಕನಾಥ ಇಲ್ಲಿಗೆ ಬಂದಿದ್ದ.

"ಗದಗಿಗೆ ಹೋಗಿದ್ದೇನು?" ಮಾಸ್ತರರು ಕೇಳಿದರು.

"ಹೋಗಿದ್ನಿರಿ. ಕಟ್ಟಿ ಮ್ಯಾಲ ಕುಂದ್ರಿಸಿ ಚಾ, ಉಂಡಿ ಕೊಟ್ಲು."

"ಒಳಗ ಕರೀಲಿಲ್ಲ?"

"ಇಲ್ಲರಿ. ನಾನೂ ಕೇಳಲಿಲ್ಲ." ನನ್ನ ಮೇಲಿದ್ದ ಟವೆಲ್ಲು ಮಡಿಚಿಡುತ್ತ ಹೇಳಿದ: "ಚಾ ಕುಡದ ಕಪ್ಪು ನಾನ ತೊಳದಿಟ್ಟು ಬಂದೆ."