ಶೆಡ್ಡಿನಲ್ಲಿ ಸರಿ, ರಸ್ತೆಯಲ್ಲಿ ಇಲ್ಲ

ಸೆನ್ಸರ್‌ನೊಳಗಿನ ಕೂದಲೆಳೆಯಂಥ ತಂತಿಗೆ ಶುಚಿಮಾಡುವ ಸ್ಪ್ರೇ ಹೊಡೆದು, ಒಣಗಲೆಂದು ಹಳೆಯ ಬನಿಯನ್ ತುಂಡಿನ ಮೇಲಿಟ್ಟೆ. ಉಜ್ಜುವಂತಿಲ್ಲ, ಊದುವಂತಿಲ್ಲ. ಕಾಯಬೇಕು. ನನ್ನ ಅಣ್ಣ ನಯಾಜ್ ಭಾಯ್ ಬಾನೆಟ್ಟಿಗೆ ಒರಗಿ ನಿಂತಿದ್ದ. ಕಾರಿನ ಮಾಲೀಕ, ಹೊಸಬಾಳೆಯ ಮಲ್ಲಿಕಾರ್ಜುನ್, ಟೈರೊಂದರ ಮೇಲೆ ಕೂತಿದ್ದ. ಬೆಳಿಗ್ಗೆಯೂ ಇದೇ ಕೆಲಸ ಮಾಡಿ ಮುಗಿಸಿದ್ದೆ.

ಕಾರು ಇನ್ನೂ ಜೋರಾಗಿ ಎಳೆಯಬೇಕೆಂದು ಮಲ್ಲಿಕಾರ್ಜುನ್ ಕಂಪನಿಯ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ ದಪ್ಪ ಪೈಪು ಹಾಕಿಸಿದ್ದ. ಆ ಪೈಪಿಗೆ ಕೂರುವಂಥ, ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರನ್ನು ಮೊಬೈಲಿನಲ್ಲಿ ಹುಡುಕಿ ಆರಿಸಿದವಳು ನಾನು. ಎಂಟನೇ ತರಗತಿಗೆ ಶಾಲೆ ಬಿಟ್ಟಾಗಿನಿಂದ ಮನೆಯ ಹಿಂದಿನ ಈ ಶೆಡ್ಡಿನಲ್ಲಿ ಭಾಯ್‌ಗೆ ಸ್ಪ್ಯಾನರ್ ಎತ್ತಿಕೊಡುತ್ತ ಬಂದವಳು. ನನ್ನ ಮಾತು ಕೇಳಿ ಅವನು ತರಿಸಿದ ಮೊದಲ ಸಾಮಾನು ಇದು.

ಶಿಕಾರಿಪುರದ ನಮ್ಮ ಶೆಡ್ಡಿನಲ್ಲಿ ಎಂಜಿನ್ ಚೊಕ್ಕವಾಗಿ ಓಡುತ್ತದೆ. ಸೊರಬ ರಸ್ತೆಯ ಏರಿನಲ್ಲಿ ಮುಗ್ಗರಿಸಿ ನಿಲ್ಲುತ್ತದೆ. ಸೆನ್ಸರ್‌ನ ಪ್ಲಗ್ ಕಿತ್ತರೆ ನಿಲ್ಲುವುದಿಲ್ಲ, ಆದರೆ ಎಳೆಯುವುದೂ ಇಲ್ಲ. ಪೈಪಿನ ಜೋಡಣೆಯಲ್ಲಿ ಗಾಳಿ ಸೋರುತ್ತಿದೆ ಎಂದಿದ್ದೆ. ಸೋರುತ್ತಿರಲಿಲ್ಲ.

"ನಿನ್ನೆ ಟ್ರ್ಯಾಕ್ಟರ್‌ನೋನು ನಿಲ್ಸಿ, ಹಗ್ಗ ಬೇಕನಾ ಅಂತ ಕೇಳ್ದ ಮಾರಾಯ್ರೆ," ಅಂದ ಮಲ್ಲಿಕಾರ್ಜುನ್.

"ದಪ್ಪ ಪೈಪ್ ಬೇಕು ಅಂದೋರು ನೀವೇ ಅಲ್ಲೇನ್ರಿ?" ಭಾಯ್ ಕೇಳಿದ.

"ಸೆನ್ಸರ್ ಇದೇ ಆಗ್ಬೇಕು ಅಂದೋರು ಯಾರು?"

ಭಾಯ್ ನನ್ನ ಕಡೆ ತಿರುಗಿದ. "ಇವತ್ತು ಸರಿಯಾಗ್ಲಿಲ್ಲಂದ್ರೆ ನೀನು ಅಮ್ಮಿ ಜೊತೆ ಹೊಲಿಗೆ ಮಿಷನ್‌ಗೆ ಕೂತ್ಕೋ. ಶೆಡ್ಡಿಗೆ ಬರಬ್ಯಾಡ."

ಸೆನ್ಸರ್ ಕೂರಿಸಿ ಕೊಟ್ಟೆ. ಇಬ್ಬರೂ ಕಾರನ್ನು ಏರಿನಲ್ಲಿ ಓಡಿಸಿ ನೋಡಲು ಹೋದರು. ಮರಳಿದಾಗ ಮಲ್ಲಿಕಾರ್ಜುನ್ ಕಾರಿನ ಬಾಗಿಲನ್ನು ಬಡಿದ ರೀತಿಯಲ್ಲೇ ಅದು ಮತ್ತೆ ನಿಂತಿತ್ತೆಂದು ಗೊತ್ತಾಯಿತು.

"ನಿಂತಾಗ ಸ್ಕ್ಯಾನರ್‌ನಲ್ಲಿ ಗಾಳಿ ಎಷ್ಟಿತ್ತು?" ಎಂದೆ.

"ನಾನು ಎಂಜಿನ್ ಕೇಳ್ತಿದ್ದೆ," ಅಂದ ಭಾಯ್. ಅವನು ಎಂಜಿನ್ ಕೇಳುವುದು ಕಣ್ಣು ಮುಚ್ಚಿ.

"ಕೇಳ್ತಿದ್ರಾ? ನಿದ್ದೆ ಹೋಗ್ಯಾರೆ ಅಂದ್ಕಂಡಿದ್ದೆ," ಅಂದ ಮಲ್ಲಿಕಾರ್ಜುನ್.

"ನೀವಾದ್ರೂ ನೋಡ್ಬೇಕಿತ್ತು," ಅಂದ ಭಾಯ್.

"ನಾನು ರಸ್ತೆ ಗುಂಡಿ ನೋಡ್ಲೋ, ನಿಮ್ಮ ನಂಬರ್ ನೋಡ್ಲೋ?"

ಸೆನ್ಸರ್‌ನ ಅಂಕಿ ತೋರಿಸುವ ನಮ್ಮ ಹಳೆಯ ಸ್ಕ್ಯಾನರ್ ಏನನ್ನೂ ಉಳಿಸಿಟ್ಟುಕೊಳ್ಳುವುದಿಲ್ಲ. ಅಂಕಿ ಥಟ್ಟನೆ ಸೊನ್ನೆಗೆ ಬಿದ್ದರೆ ವೈರಿನ ದೋಷವಿರಬಹುದು; ನಿಧಾನವಾಗಿ ಇಳಿದರೆ ನಾನು ಆರಿಸಿದ ಸೆನ್ಸರ್‌ನದೇ ಇರಬಹುದು. ಯಾವುದೆಂದು ತಿಳಿಯಲು ಆ ಕ್ಷಣದಲ್ಲಿ ಯಾರಾದರೂ ನೋಡುತ್ತಿರಬೇಕು.

"ಇನ್ನೊಂದೇ ಸಲ," ಅಂದ ಮಲ್ಲಿಕಾರ್ಜುನ್. "ಆಮೇಲೆ ಬೇರೆ ಕಡೆ ಒಯ್ತೀನಿ."

ಗಿರಾಕಿಯ ಕಾರು ಗೇಟು ದಾಟುವಾಗ ನಾನು ಅದರಲ್ಲಿ ಇರುವಂತಿಲ್ಲ. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಿದ್ದಲ್ಲ, ನಾನೂ ಕೇಳಿದ್ದಿಲ್ಲ. ಮಾತು ಜೋರಾದದ್ದು ಕೇಳಿ ಅಮ್ಮಿ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಭಾಯ್ ಮುಂದೆ ಕೂತು ಸ್ಕ್ಯಾನರನ್ನು ತೊಡೆಯ ಮೇಲೆ ಇಟ್ಟುಕೊಂಡ. ನಾನು ಹಿಂದಿನ ಬಾಗಿಲನ್ನು ತೆರೆದೆ.

"ಭಾಯ್, ನಾನು ಹಿಂದೆ ಕೂತು ನಂಬರ್ ನೋಡ್ತೀನಿ. ನನ್ನೂ ಕರ್ಕೊಂಡ್ ಹೋಗು."

ಮಲ್ಲಿಕಾರ್ಜುನ್ ಕನ್ನಡಿ ಸರಿಮಾಡಿಕೊಂಡ. ಭಾಯ್ ಅಮ್ಮಿಯ ಕಡೆ ನೋಡಿದ.