ಹಿನೆಕ್ ಮಾಡಿದ ದಾರಿ

"ಇವತ್ತು ದಾರಿ ನೀನು ಮಾಡು, ಹಿನೆಕ್."

ಯಜಮಾನರು ಅಂದದ್ದು ಇಷ್ಟೇ. ಹಿನೆಕ್ ಹಿಗ್ಗಿಹೋದ. ಎಲ್ಲರೆದುರಿಗೇ ಅಂದುಬಿಟ್ಟರಲ್ಲ!

ಯಜಮಾನರೆಂದರೆ ಸಂಶೋಧನಾ ಸಂಸ್ಥೆಯ ಮಣ್ಣಿನ ವಿಭಾಗದ ಮುಖ್ಯಸ್ಥ ಶಿಮೆಕ್. ಬರುವ ತಿಂಗಳು ನಿವೃತ್ತಿ. ತಮ್ಮ ಕುರ್ಚಿ ಯಾರಿಗೆಂದು ಈವರೆಗೆ ಬಾಯಿ ಬಿಟ್ಟಿರಲಿಲ್ಲ. ಇವತ್ತು ಬೆಟ್ಟದಲ್ಲಿ ಹೇಳುತ್ತೇನೆ ಅಂದಿದ್ದರು. ಅಂಥವರು ಹೀಗೆಂದರೆ ಇನ್ನೇನು ಅರ್ಥ? ಹಿನೆಕ್ ಡಾಕ್ಟರೇಟ್ ಪಡೆದವನು. ಅರ್ಥ ಹಚ್ಚುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಒಳ್ಳೆಯ ಹಿಮ ಬಿದ್ದ ಮೊದಲ ಶನಿವಾರ ವಿಭಾಗದವರೆಲ್ಲ ಯಿಜೆರಾ ಬೆಟ್ಟ ಹತ್ತುವುದು ವಾಡಿಕೆ. ಕಾಲು ಗಟ್ಟಿ ಇದ್ದವರು ಸ್ಕೀ ಕಟ್ಟುತ್ತಾರೆ. ಮಂಡಿ ಸವೆದವರು ಬೂಟಿನಡಿಗೆ ಮೊರದಗಲದ ಹಿಮದ ಮೆಟ್ಟು ಕಟ್ಟುತ್ತಾರೆ. ಹಿನೆಕನ ಮಂಡಿಗೆ ಏನೂ ಆಗಿರಲಿಲ್ಲ. ಸ್ಕೀಯಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಆದರೆ ಈ ಸಲ ಯಜಮಾನರು ಮೆಟ್ಟು ಕಟ್ಟುತ್ತಾರೆಂದು ತಿಳಿದು ತಾನೂ ಒಂದು ಜೊತೆ ಬಾಡಿಗೆಗೆ ತಂದಿದ್ದ.

"ಏನಪ್ಪಾ, ನೀನೂ ಬಾತುಕೋಳಿ ಆಗ್ಬಿಟ್ಯಾ?" ಬಸ್ಸಿನಿಂದ ಇಳಿಯುವಾಗಲೇ ಗೆಳೆಯ ಲುಡೆಕ್ ಕಿಚಾಯಿಸಿದ್ದ.

"ಮಂಡಿ ಸ್ವಲ್ಪ..."

"ಯಾವ ಮಂಡಿ?"

"ಎಡ. ಬಲವೂ ಸ್ವಲ್ಪ."

ಹೊಸ ಹಿಮ ತೊಡೆಯ ತನಕ ಇತ್ತು. ಮುಂದಿನವನು ತುಳಿದು ಗಟ್ಟಿ ಮಾಡಬೇಕು. ಅವನ ಹಿಂದೆ ಮೆಟ್ಟಿನವರು, ಅವರ ಹಿಂದೆ ಸ್ಕೀಯವರು. ಒಂದಷ್ಟು ದೂರ ತುಳಿದವನು ಪಕ್ಕಕ್ಕೆ ಸರಿದು, ಎಲ್ಲರನ್ನೂ ಮುಂದೆ ಬಿಟ್ಟು, ಬಾಲಕ್ಕೆ ಸೇರಿಕೊಳ್ಳಬೇಕು. ಹಿನೆಕ್ ಸರಿಯಲಿಲ್ಲ.

ಹೇಗೆ ಸರಿದಾನು! ಎಂಥ ಹುಮ್ಮಸ್ಸು, ಎಂಥ ಬಿಸಿಲು! ಕೊಂಬೆಯಿಂದ ಹಿಮ ಜಾರಿ ಕಾಲರಿನೊಳಗೆ ಇಳಿದರೆ ಗಟ್ಟಿಯಾಗಿ ನಕ್ಕ. ಕಾಲು ಉರಿಯುತ್ತಿತ್ತು, ಉರಿಯಲಿ. ಮನಸ್ಸು ಆಗಲೇ ಕಿಟಕಿ ಪಕ್ಕದ ಕೋಣೆಯಲ್ಲಿ ಮೇಜು ಹಾಕುತ್ತಿತ್ತು. ಬ್ಲಾಂಕಾಳಿಗೆ ಪ್ರಯೋಗಾಲಯ ಒಪ್ಪಿಸೋಣ. ಜಾಣೆ, ಆದರೆ ಸೇರಿ ಮೂರೇ ವರ್ಷ, ಪಾಪ. ಅವಳ ಮನಸ್ಸು ನೋಯಬಾರದು. ಅವಳಿಗೆ ಸಮಾಧಾನವಾಗಿ ಹೇಳಬೇಕಾದ ಮಾತುಗಳನ್ನೂ ಜೋಡಿಸಿಕೊಂಡ.

ಹಿಂದಿನ ಮಾತುಗಳು ಯಾವಾಗಲೋ ದೂರವಾಗಿದ್ದವು. ಒಮ್ಮೆಲೇ ಕೆಳಗಿನಿಂದ ಗದ್ದಲ ಎದ್ದಿತು. ಹುರ್ರಾ ಎಂಬ ಕೂಗು, ಕೈಗವಸಿನ ಮೊದ್ದು ಚಪ್ಪಾಳೆ. ತಾನಿನ್ನೂ ನಿಲ್ಲದ್ದನ್ನು ನೋಡಿದರು! ತಿರುಗಿ ನೋಡಿದರೆ ಜಂಭವೆಂದುಕೊಂಡಾರು. ಹಿನೆಕ್ ತಿರುಗದೆಯೇ ಕೈಯ ಕೋಲನ್ನು ಎತ್ತರಕ್ಕೆ ಎತ್ತಿದ. ಕೂಗು ಇನ್ನೂ ಜೋರಾಯಿತು. ಅವನ ಕಣ್ಣು ಒದ್ದೆಯಾಯಿತು. ಆ ಜನ ತನಗೆ ಚಪ್ಪಾಳೆ ತಟ್ಟಿದ್ದು ಇದೇ ಮೊದಲು.

ಮರಗಳು ಮುಗಿಯುವಲ್ಲಿ ಉಸಿರು ಮುಗಿಯಿತು. ಪಕ್ಕಕ್ಕೆ ಸರಿದು, ಹಿಮದಲ್ಲಿ ಅರ್ಧ ಹೂತು ನಿಂತ. ಬಹಳ ಹೊತ್ತಿನ ಮೇಲೆ ಯಜಮಾನರು ಏದುತ್ತ ಬಂದರು.

"ಶಭಾಷ್! ಒಳ್ಳೇ ಎತ್ತಿನ ಹಾಗೆ ಎಳೆದುಬಿಟ್ಟೆಯಲ್ಲಯ್ಯಾ."

"ನೀವು ಹೇಳಿದ ಮೇಲೆ..."

"ನಾನೇನು ಹೇಳ್ದೆ? ಹಾಂ, ಅದಾ. ಯಾರಾದ್ರೂ ತುಳೀಬೇಕಲ್ಲ." ಅವರು ಮುಂದಕ್ಕೆ ದಾಟಿದರು. "ನಂಗೆ ಉಸಿರೇ ಹತ್ತಲಿಲ್ಲ ನೋಡು, ಕೆಳಗೇ ನಿಂತು ಕುರ್ಚಿ ವಿಷಯ ಹೇಳಿ ಮುಗಿಸ್ದೆ. ನೀನು ನಿಂತಿದ್ರೆ ತಾನೇ!"

ಯಾರ ಹೆಸರೆಂದು ಕೇಳಲು ಹಿನೆಕ್ ತಿರುಗಿದ. ಯಜಮಾನರ ಬೆನ್ನಷ್ಟೇ ಕಂಡಿತು. ಮೆಟ್ಟಿನವರು ಹೋದರು. ಲುಡೆಕ್ ಸ್ಕೀ ನಿಲ್ಲಿಸಿ ಪ್ಲಮ್ ಸಾರಾಯಿಯ ಬಾಟಲಿ ಚಾಚಿದ.

"ಒಂದು ಗುಟುಕು ಹಾಕು. ಬ್ಲಾಂಕಾ ಹೆಸರಲ್ಲಿ."

"ಬ್ಲಾಂಕಾ ಯಾಕೆ?"

ಲುಡೆಕ್ ಅವನ ಮುಖ ನೋಡಿದ. ನಗೆಚಾಟಿಕೆ ಇಳಿದುಹೋಯಿತು. "ಬೇಡ್ವಾ? ಸರಿ," ಎಂದು ಬಾಟಲಿ ಮುಚ್ಚಿ ಜಾರಿಕೊಂಡ.

ಬ್ಲಾಂಕಾ ಬಂದಳು. ಕೆನ್ನೆ ಕೆಂಪಗಾಗಿತ್ತು.

"ಯಜಮಾನ್ರು ನನ್ನ ಹೆಸರು ಹೇಳ್ದಾಗ ನಂಗೆ ನಿಮ್ದೇ ಚಿಂತೆ ಹಿನೆಕ್, ಬೇಜಾರು ಮಾಡ್ಕೋತೀರೇನೋಂತ. ಆದ್ರೆ ನೀವು ಅಷ್ಟು ದೂರದಿಂದ್ಲೇ ಕೋಲು ಎತ್ತಿದ್ರಲ್ಲ! ಅಳುವೇ ಬಂತು ನಂಗೆ."

"ಎತ್ತದೆ ಮತ್ತೆ," ಎಂದ ಹಿನೆಕ್.

"ನೀವು ದೊಡ್ಡವರು."

ಅವಳೂ ಹೋದಳು. ಅವಳ ಹಿಂದಿನವರೂ ಹೋದರು, ಒಬ್ಬೊಬ್ಬರೂ ಅವನ ಭುಜ ತಟ್ಟಿ. ಒಬ್ಬೊಬ್ಬರಿಗೂ ಅವನು ನಗು ತೋರಿಸಿದ. ಹಿನೆಕ್ ಕೆಳಕ್ಕೆ ತಿರುಗಿದ. ಕಾಡಿನ ನಡುವೆ ತಾನು ತುಳಿದ ದಾರಿ. ಅದರ ಮೇಲೀಗ ಸ್ಕೀಯ ಎರಡು ನೇರ ಗೀರುಗಳು ಹೊಳೆಯುತ್ತಿದ್ದವು. ತನ್ನದೊಂದು ಹೆಜ್ಜೆಯಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ.

ಅವನು ಕಾಲೆತ್ತಿದ.

"ಹೇ, ಎಲ್ಲಿಗೆ?" ಮೇಲಿಂದ ಲುಡೆಕ್ ಕೂಗಿದ.

"ಕೆಳಗೆ."

"ಕೆಳಗೇನಿದೆ?"

"ಬಸ್ಸಿದೆ."

ಮೇಲೆ ಎಲ್ಲರೂ ನಿಂತರು. ಯಾರಾದರೂ ಬಾ ಅಂದಾರೆಂದು ಹಿನೆಕ್ ಒಂಟಿಗಾಲಲ್ಲೇ ಕಾದ.

"ಗೀರು ತುಳೀಬೇಡ ಮಾರಾಯಾ! ಇಳಿಯುವಾಗ ನಮ್ಗೆ ಬೇಕು!" ಸ್ಕೀಯವರಲ್ಲೊಬ್ಬ ಕೂಗಿದ.

"ಪಕ್ಕದಲ್ಲಿ ಹೋಗಯ್ಯಾ, ಪಕ್ಕದಲ್ಲಿ!" ಇದು ಯಜಮಾನರ ದನಿ.

ಸ್ಕೀಯ ಗೀರಿನ ಮೇಲೆ ಮೆಟ್ಟು ಇಡುವುದೆಂದರೆ ಇಲ್ಲಿಯವರಿಗೆ ಊಟದೆಲೆ ತುಳಿದ ಹಾಗೆ. ಹಿನೆಕನೇ ಎಷ್ಟು ಜನರನ್ನು ಇದಕ್ಕಾಗಿ ಬೈದಿದ್ದನೋ.

"ಇಲ್ಲ ಇಲ್ಲ, ತುಳಿಯಲ್ಲ!" ಎಂದು ಕೂಗಿ ಹೇಳಿದ. ಎತ್ತಿದ ಕಾಲನ್ನು ಪಕ್ಕದ ತುಳಿಯದ ಹಿಮಕ್ಕೆ ಇಟ್ಟ. ಅದು ತೊಡೆಯ ತನಕ ಹೂತಿತು. ಕಿತ್ತು ಇನ್ನೊಂದನ್ನು ಇಟ್ಟ. ತಾನು ಮಾಡಿದ ದಾರಿಯ ಪಕ್ಕದಲ್ಲೇ, ಅದಕ್ಕೆ ತಾಗದಂತೆ ಬಲು ಎಚ್ಚರದಿಂದ, ಇನ್ನೊಂದು ದಾರಿ ತುಳಿಯುತ್ತ ಇಳಿಯತೊಡಗಿದ.